ಸಕ್ಕರೆ ಆನೆ, ಸಕ್ಕರೆ ಕುದುರೆ

ಆಟದ ಮಣೆಯ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಇಟ್ಟಿದ್ದ ಮನೆಯನ್ನು ನಾನು ಕಂಡಿದ್ದು ಅದೊಂದೇ. ತಿಂಡಿಯ ಬೀರುವಿಗೆ ಹಾಗೆ ಇಡುವುದನ್ನು ನೀವೂ ನೋಡಿರುತ್ತೀರಿ, ಇರುವೆ ಹತ್ತದಿರಲಿ ಅಂತ. ಆ ಮನೆಯಲ್ಲಿ ಮಾತ್ರ ಇರುವೆಗಳ ಕಣ್ಣೆಲ್ಲ ಚದುರಂಗದ ಮೇಲೆ. ಯಾಕೆಂದರೆ ಅಲ್ಲಿಯ ರಾಜ, ಮಂತ್ರಿ, ಆನೆ, ಕುದುರೆ, ಒಂಟೆ, ಕಾಲಾಳು ಎಲ್ಲವೂ ಸಕ್ಕರೆಯವು. ಸಂಕ್ರಾಂತಿಗೆ ಎಳ್ಳಿನ ಜೊತೆ ಬೀರುತ್ತಾರಲ್ಲ ಸಕ್ಕರೆ ಅಚ್ಚು, ಅದೇ ಪಾಕ, ಅಂಥದೇ ಮರದ ಅಚ್ಚು. ಮೀನು, ಗಿಳಿ, ದ್ರಾಕ್ಷಿ ಗೊಂಚಲಿನ ಬದಲು ಒಂದು ಸೈನ್ಯ, ಅಷ್ಟೇ ವ್ಯತ್ಯಾಸ. ಒಂದು ಪಕ್ಷ ಬಿಳಿ, ಇನ್ನೊಂದು ಪಕ್ಷ ಕೇಸರಿ.

ಆ ಮನೆಯ ಅಮ್ಮಾವ್ರು ತೀರಿಕೊಂಡರು ಅಂತ ಹೋದ ವಾರ ಮಳವಳ್ಳಿ ಕಡೆಯ ಗಿರಾಕಿಯೊಬ್ಬರು ಹೇಳಿದರು. ಗೋಲಿ ಪೊಟ್ಟಣ ಕಟ್ಟುತ್ತಾ ಇದ್ದವನು ಹಾಗೇ ಕೂತುಬಿಟ್ಟೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಎದುರಿಗಿದ್ದಾಗ ಒಮ್ಮೆಯೂ ಹೆಸರು ಹಿಡಿದು ಮಾತಾಡಿದವನಲ್ಲ, ಈಗ ಕಾಗದದ ಮೇಲೆ ಹಿಡಿಯುವುದು ಚೆನ್ನಾಗಿರುವುದಿಲ್ಲ. ಮಂಡ್ಯದ ನಮ್ಮ ಬೀದಿಯಲ್ಲಿ ಅಮ್ಮಾವ್ರು ಅಂದರೆ ಅವರೊಬ್ಬರೇ.

ನಾನು ಹಲಗೂರು ಹತ್ತಿರದ ಹಳ್ಳಿಯವನು. ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿನಲ್ಲಿ, ಸಂತೆಯಲ್ಲಿ ಬುಗುರಿ, ಗೋಲಿ, ಹಾವು-ಏಣಿಯ ಪಟ, ಪೆಪ್ಪರ್‌ಮಿಂಟು ಮಾರಿ ಮೇಲೆ ಬಂದವನು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಮಂಡ್ಯದಲ್ಲೇ ಒಂದು ಕಡೆ ನೆಲೆ ನಿಲ್ಲೋಣ ಅಂತ ಅಂಗಡಿ ಹುಡುಕುತ್ತಿದ್ದೆ. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದ ರಾಯರೊಬ್ಬರು ತಮ್ಮ ಮನೆಯ ಬೀದಿ ಬದಿಯ ಕೋಣೆಯನ್ನು ಬಾಡಿಗೆಗೆ ಕೊಡುತ್ತಾರೆ ಅಂತ ತಿಳಿಯಿತು. ಹೋಗಿ ಮಾತಿಗೆ ಕೂತೆ. ಅವರು ಹೇಳಿದ ಬಾಡಿಗೆಗೆ ನಾನು ನಕ್ಕೆ. ಅದು ನನ್ನ ಪದ್ಧತಿ. ಮೊದಲ ಬೆಲೆ ಕೇಳಿದ ಕೂಡಲೇ ಕೋಪ ಮಾಡಬೇಡಿ, ನಗಿ. ಹೇಳಿದವರಿಗೇ ತಮ್ಮ ಬೆಲೆಯ ಮೇಲೆ ಅನುಮಾನ ಬರುತ್ತದೆ. ರಾಯರಿಗೂ ಬಂತು. ಅದರ ಅರ್ಧ ಕೊಡುತ್ತೇನೆ ಅಂದೆ. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿಯ ದನಿ.

“ಆ ಹುಡುಗನಿಗೆ ಚದುರಂಗ ಬರತ್ತಾ, ಕೇಳಿ.”

“ಚೌಕಾಬಾರ ಬತ್ತದೆ ಅಮ್ಮಾವ್ರೆ, ಹುಲಿ-ಕುರಿ ಬತ್ತದೆ. ಅದು ಬರಕಿಲ್ಲ” ಅಂದೆ.

“ಹಾಗಾದ್ರೆ ಕಲೀತಾನೆ. ಬಾಡಿಗೆ ಅವನು ಹೇಳಿದಷ್ಟೇ ಇರ್ಲಿ ಬಿಡಿ. ಆದ್ರೆ ಮಧ್ಯಾಹ್ನ ವ್ಯಾಪಾರ ಇಲ್ಲದ ಹೊತ್ತಲ್ಲಿ ಬಂದು ಒಂದಾಟ ಆಡಬೇಕು. ಈ ಬೀದೀಲಿ ದೊಡ್ಡೋರು ಯಾರೂ ನನ್ನ ಜೊತೆ ಕೂರಲ್ಲ.”

ಇಷ್ಟು ಅಗ್ಗವಾಗಿ ಕೋಣೆ ಸಿಕ್ಕಿತಲ್ಲ ಅಂತ ಆವತ್ತು ಬಸ್ಸಿನಲ್ಲಿ ಊರಿಗೆ ಹೋಗುವಾಗ ಒಬ್ಬನೇ ನಗುತ್ತಿದ್ದೆ. ದೊಡ್ಡವರು ಅವರ ಜೊತೆ ಯಾಕೆ ಕೂರುವುದಿಲ್ಲ ಅನ್ನುವುದು ಮೊದಲ ವಾರದಲ್ಲೇ ಗೊತ್ತಾಯಿತು. ಗಂಡಸರು ಹೆಂಗಸಿನ ಕೈಯಲ್ಲಿ ಅಷ್ಟು ಬೇಗ, ಅಷ್ಟು ಸಲ ಸೋಲುವುದಕ್ಕೆ ತಯಾರಿರಲಿಲ್ಲ.

ಅಮ್ಮಾವ್ರು ನೋಡುವುದಕ್ಕೆ ಗುಂಡಗೆ, ಕುಳ್ಳಗೆ. ದೊಡ್ಡ ಮೂಗುಬೊಟ್ಟು. ಆಡುವಾಗ ಎಡಗೈಯಿಂದ ಬಲಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ ಹಿಡಿದುಕೊಳ್ಳುತ್ತಿದ್ದರು, ಸದ್ದಾಗಿ ಎದುರಿನವರ ಯೋಚನೆ ಕೆಡಬಾರದು ಅಂತ. ನಮ್ಮ ರಾಜನಿಗೆ ಇಕ್ಕಟ್ಟು ಬಂದಾಗ ಜೋರು ಮಾಡಿ ಹೇಳುತ್ತಿರಲಿಲ್ಲ. ಬಹಳ ವಿನಯದಿಂದ, “ಈಗ ನಿನ್ನ ರಾಜರು ಎಲ್ಲಿಗೆ ದಯಮಾಡಿಸ್ತಾರೆ?” ಅಂತ ಕೇಳುತ್ತಿದ್ದರು. ನನಗೆ ಏಕವಚನ, ನನ್ನ ರಾಜನಿಗೆ ಬಹುವಚನ. ರಾಜರು ದಯಮಾಡಿಸುವುದಕ್ಕೆ ಎಲ್ಲೂ ಜಾಗ ಇರುತ್ತಿರಲಿಲ್ಲ.

ಆಟಕ್ಕೆ ಎರಡು ಕಟ್ಟಳೆ. ಮುಟ್ಟಿದ ಕಾಯಿಯನ್ನು ಆಡಲೇಬೇಕು, ಅದೂ ತಡ ಮಾಡದೆ. ಕುದುರೆಯನ್ನು ಹಿಡಿದುಕೊಂಡು ನಾನು ಆಕಾಶ ನೋಡಿದರೆ, “ಕೈ ಬೆವರತ್ತೆ ಕಣಯ್ಯ. ಬೆವರಿದ್ರೆ ಕುದುರೆ ಕಾಲು ಕರಗತ್ತೆ. ಕುಂಟು ಕುದುರೆ ಕಟ್ಕೊಂಡು ಯುದ್ಧ ಮಾಡ್ತೀಯಾ?” ಅನ್ನುವರು. ಇನ್ನೊಂದು ಕಟ್ಟಳೆ, ಹೊಡೆದ ಕಾಯಿಯನ್ನು ಹೊಡೆದವರು ತಿನ್ನಬೇಕು. ಪಕ್ಕಕ್ಕೆ ಇಡುವ ಹಾಗಿಲ್ಲ, ಡಬ್ಬಿಗೆ ಹಾಕುವ ಹಾಗಿಲ್ಲ.

ಈ ಕಟ್ಟಳೆ ಅವರ ತಂದೆಯದು. ಮಳವಳ್ಳಿಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಅವರಿಗೆ ಚದುರಂಗದ ಹುಚ್ಚು, ಜೊತೆಗೆ ಆಡುವುದಕ್ಕೆ ಮನೆಯಲ್ಲಿ ಇದ್ದದ್ದು ಈ ಒಬ್ಬಳೇ ಮಗಳು. ಮಗು ಮಣೆಯ ಮುಂದೆ ಕೂರಲೊಲ್ಲದು. ಅವರು ಬಡಗಿಯೊಬ್ಬರನ್ನು ಹಿಡಿದು ಅಚ್ಚು ಕೆತ್ತಿಸಿ, ಹೆಂಡತಿಯ ಕೈಯಲ್ಲಿ ಸಕ್ಕರೆ ಪಾಕ ಹುಯ್ಯಿಸಿ, “ಹೊಡೆದದ್ದು ನಿನ್ನದು, ತಿನ್ನು” ಅಂದರಂತೆ. “ಆಮೇಲೆ ಅಪ್ಪನಿಗೆ ಒಂದು ಕಾಲಾಳೂ ಉಳೀಲಿಲ್ಲ” ಅಂತ ಅಮ್ಮಾವ್ರು ಹೇಳುವಾಗ ಕಣ್ಣು ಸಣ್ಣಗಾಗುತ್ತಿತ್ತು. ಮದುವೆಯಾಗಿ ಮಂಡ್ಯಕ್ಕೆ ಬರುವಾಗ ಪಾತ್ರೆಯ ಜೊತೆ ಆ ಅಚ್ಚುಗಳೂ ಬಂದವು.

ಅವರು ಕಾಯಿ ತಿನ್ನುವುದನ್ನು ನೋಡಬೇಕಿತ್ತು. ಕಡಿಯುತ್ತಿರಲಿಲ್ಲ. ನನ್ನ ಆನೆಯನ್ನು ಎತ್ತಿ ಬಾಯಿಗೆ ಹಾಕಿ ಒಂದು ಕೆನ್ನೆಗೆ ಸರಿಸಿ, ಕಣ್ಣು ಮುಚ್ಚಿಕೊಂಡು ಮುಂದಿನ ಆಟ ಯೋಚಿಸುವರು. ಕೆನ್ನೆಯ ಉಬ್ಬು ಇಳಿಯುವುದರೊಳಗೆ ನನ್ನ ಇನ್ನೊಂದು ಆನೆಗೂ ದಾರಿ ಮಾಡಿರುತ್ತಿದ್ದರು.

ಇದರಲ್ಲಿ ನನಗೊಂದು ವ್ಯಾಪಾರ ಕಂಡಿತು. ಸಕ್ಕರೆಗೆ ರೇಷನ್ ಇದ್ದ ಕಾಲ ಅದು. ಸಕ್ಕರೆ ಊರಿನಲ್ಲೇ ಇದ್ದರೂ ಮನೆಗೆ ಬರುವುದು ಕಾರ್ಡಿನ ಅಳತೆಗೆ. ನನಗೆ ನಾಲ್ಕು ಕಡೆ ಪರಿಚಯ, ಹೇಗೋ ತಂದುಕೊಡುತ್ತಿದ್ದೆ. ಅಮ್ಮಾವ್ರು ಅಚ್ಚು ಹುಯ್ದು ಕೊಡುವುದು, ನಾನು ಅಂಗಡಿಯಲ್ಲಿ ಮಾರುವುದು. ಪೂರ್ತಿ ಸೈನ್ಯ ಮಾರಿದರೆ ಒಂದೇ ಸಲದ ವ್ಯಾಪಾರ. ಅದಕ್ಕೆ ಬಿಡಿಬಿಡಿಯಾಗಿ ಮಾರಿದೆ: ಇವತ್ತು ಒಂಟೆ, ನಾಳೆ ಕುದುರೆ. ಬೆಂಕಿಪೆಟ್ಟಿಗೆಯ ಪಟ ಕೂಡಿಸಿಡುವ ಹಾಗೆ ಬೀದಿಯ ಮಕ್ಕಳು ಸೈನ್ಯ ಕೂಡಿಸುವುದಕ್ಕೆ ಶುರುಮಾಡಿದರು. ಮಂತ್ರಿಯನ್ನು ಕೊಂಡು ಮನೆಗೆ ಹೋಗುವಷ್ಟರಲ್ಲಿ ಹಳೆಯ ಕುದುರೆಯನ್ನು ತಮ್ಮನೋ ತಂಗಿಯೋ ತಿಂದಿರುತ್ತಿದ್ದರು. ಒಬ್ಬರ ಸೈನ್ಯವೂ ಪೂರ್ತಿಯಾಗಲಿಲ್ಲ. ಮಕ್ಕಳ ಸಾಮಾನು ಮಾರುವವರಿಗೆ ಹೇಳುತ್ತೇನೆ ಕೇಳಿ, ಮುಗಿಯದ ಆಸೆಯನ್ನು ಮಾರಬೇಕು. ಅಂಗಡಿ ನಿಂತದ್ದು ಆ ಆನೆ ಕುದುರೆಗಳ ಮೇಲೆ. ಇಂಥ ಮಾತನ್ನು ಹಿಂದೆ ಎದೆಯುಬ್ಬಿಸಿ ಹೇಳುತ್ತಿದ್ದೆ. ಅದೇ ಆಸೆ ಒಳಮನೆಯಲ್ಲೂ ಕೂತಿದೆ ಅನ್ನುವುದು ಆಗ ನನಗೆ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ರಾಯರು ಅಂಗಡಿಗೆ ಬಂದರು. ಮಾತು ಕಡಿಮೆಯ ಮನುಷ್ಯ. ಕೈಯಲ್ಲಿ ಗಾಜಿನ ನಳಿಗೆ, ಅದರಲ್ಲಿ ಇಟ್ಟಿಗೆ ಬಣ್ಣದ ನೀರು.

“ಇದೇನು ನೋಡು” ಅಂದರು.

“ಎಂಥದೋ ಸರಬತ್ತು ಇದ್ದಂಗದೆ ಸಾರ್. ಮಾರಾಕೆ ತಂದ್ರಾ?”

“ನಿಮ್ಮ ಅಮ್ಮಾವ್ರ ಮೂತ್ರ ಕಣಯ್ಯ.”

ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ರಾಯರು ನಗಲಿಲ್ಲ. ಅಮ್ಮಾವ್ರಿಗೆ ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹೇಳಿದ್ದಾರೆ, ಅದಕ್ಕೆ ವಾರಕ್ಕೊಂದು ಸಲ ಮನೆಯಲ್ಲೇ ಪರೀಕ್ಷೆ ಮಾಡುತ್ತೇನೆ ಅಂದರು. ನೀಲಿ ಔಷಧಿಗೆ ಮೂತ್ರದ ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ನೀಲಿ ನೀಲಿಯಾಗಿಯೇ ಉಳಿದರೆ ಚಿಂತೆಯಿಲ್ಲ. ಹಸಿರಾದರೆ ಎಚ್ಚರ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಮೈಯಲ್ಲಿ ಸಕ್ಕರೆ ತುಂಬಿ ಹರಿಯುತ್ತಿದೆ ಅಂತ.

“ಅನ್ನ ಕಡಿಮೆ ಮಾಡಿದ್ದಾಳೆ, ಕಾಫಿಗೆ ಸಕ್ಕರೆ ಬಿಟ್ಟಿದ್ದಾಳೆ. ಆಟ ಮಾತ್ರ ಬಿಡಲ್ಲ. ಮೂರು ಹೊತ್ತೂ ಗೆಲ್ತಾಳೆ, ಗೆದ್ದದ್ದನ್ನೆಲ್ಲ ತಿಂತಾಳೆ. ಮಾತಿನಲ್ಲಿ ನೀನು ಗಟ್ಟಿಗ. ನನ್ನ ಕೈಲಾಗಲ್ಲ, ನೀನು ಏನಾದ್ರೂ ಮಾಡು. ಕಾಲು ಕಣ್ಣು ಹೋಗತ್ತೆ ಅಂತ ಡಾಕ್ಟರು ಹೇಳಿದಾರೆ” ಅಂದರು. ಕಡೆಯ ಮಾತು ಹೇಳುವಾಗ ನಳಿಗೆಯನ್ನು ಪಂಚೆಯ ಮರೆಗೆ ಹಿಡಿದುಕೊಂಡರು.

ಆವತ್ತು ಮಧ್ಯಾಹ್ನ ನಾನು ಚೌಕಾಸಿಗೆ ಕೂತೆ. ಸಕ್ಕರೆ ಬಿಟ್ಟು ಮರದ ಕಾಯಿ ತರುತ್ತೇನೆ ಅಂದೆ.

“ಮರದ ಆನೆ ಹೊಡೆದು ಏನು ಮಾಡ್ಲಿ, ಒಲೆಗೆ ಹಾಕ್ಲಾ?”

ಹೊಡೆದ ಕಾಯಿಯನ್ನು ಮಕ್ಕಳಿಗೆ ಕೊಡಿ ಅಂದೆ.

“ಅಪ್ಪ ಹೇಳಿದ್ದು, ಹೊಡೆದವರು ತಿನ್ನಬೇಕು ಅಂತ. ಹೊಡೆದವರು ದಾನ ಮಾಡಬೇಕು ಅಂತ ಅಲ್ಲ.”

ಆಮೇಲೆ ನನ್ನ ಗಂಟು ಬಿಚ್ಚಿದೆ. “ಅಮ್ಮಾವ್ರೆ, ಅಂಗಾರೆ ಒಂದು ಕೆಲ್ಸ ಮಾಡವ. ಒಡೆದೋರು ತಿನ್ನದು ಬ್ಯಾಡ. ಒಡೆಸ್ಕೊಂಡೋರು ತಿನ್ಲಿ. ಪಾಪ, ಆನೆ ಕಳ್ಕಂಡೋರ ಬಾಯಿಗಾದ್ರೂ ಏನಾರ ಬೀಳಲಿ. ನಿಮ್ಮ ಆನೆ ಒಡೆಯೋ ಗಂಡು ಮಂಡ್ಯದಾಗೆ ಅವ್ನಾ? ಮಳವಳ್ಳಿಲಿ ಅವ್ನಾ?”

ಅವರು ಬಳೆ ಸರಿಸಿಕೊಂಡು ಬಹಳ ಹೊತ್ತು ಮಣೆಯನ್ನೇ ನೋಡಿದರು. “ನೀನು ಬುದ್ಧಿವಂತ ಕಣಯ್ಯ” ಅಂದರು. “ನನಗೆ ಸೋಲೋಕೆ ಬರಲ್ಲ ಅಂತ ಅಂದಾಜು ಹಾಕಿದೀಯ.”

“ಬತ್ತದಾ ಮತ್ತೆ?”

“ನೋಡೋಣ” ಅಂದರು.

ನನ್ನ ಅಂದಾಜು ಸರಿಯಾಗಿಯೇ ಇತ್ತು. ಅಮ್ಮಾವ್ರಿಗೆ ಬಾಯಿಚಪಲ ಎಷ್ಟೋ ಅದಕ್ಕಿಂತ ಹೆಚ್ಚು ಅಭಿಮಾನ. ಭಾನುವಾರ ಬೀದಿಯ ಮಕ್ಕಳೆಲ್ಲ ಸೇರಿದಾಗ ಅವರು ಒಬ್ಬೊಬ್ಬರನ್ನೂ ಚಚ್ಚಿ ಹಾಕುವರು; ಸೋತ ಮಕ್ಕಳು ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ನಗುತ್ತಾ ಎದ್ದು ಹೋಗುವರು. ರಾಯರ ನಳಿಗೆ ಇಟ್ಟಿಗೆಯಿಂದ ಹಸಿರಿಗೆ, ಹಸಿರಿನಿಂದ ಹೆಚ್ಚುಕಡಿಮೆ ನೀಲಿಗೆ ಬಂತು. ರಾಯರು ಮದ್ದೂರಿನ ತಮ್ಮ ತಂಗಿಯ ಮನೆಗೆ ಹೋಗಿ ಬರುವಾಗ ಸ್ಟೇಷನ್ನಿನಲ್ಲಿ ಕೊಂಡ ವಡೆಯ ಪೊಟ್ಟಣವನ್ನು ನೇರ ನನ್ನ ಅಂಗಡಿಗೆ ತಂದು ಇಟ್ಟರು. ಇನ್ನೂ ಬೆಚ್ಚಗಿತ್ತು. “ನಿನ್ನ ಋಣ” ಅಂದರು. ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಎಲ್ಲ ವಡೆಯನ್ನೂ ಒಬ್ಬನೇ ತಿಂದೆ.

ಕೆಲವು ತಿಂಗಳು ಹಾಗೆ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ನಾನು ಅಮ್ಮಾವ್ರ ಒಂಟೆಯನ್ನು ಹೊಡೆದೆ.

ಅದೊಂದು ಸುಖ. ಹೇಗೆ ಹೇಳಲಿ. ಅಷ್ಟು ದಿನ ಗೋಡೆಗೆ ತಲೆ ಚಚ್ಚಿಕೊಂಡವನಿಗೆ ಗೋಡೆಯೇ ಬಾಗಿಲಾದ ಹಾಗೆ. ಅವರು ಒಂಟೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡು, “ಅಲ್ಲಾ, ಇದನ್ನ ನಾನು ನೋಡಲೇ ಇಲ್ಲವಲ್ಲ” ಅಂದರು. ಆ ವಾರ ಒಂದು ಆನೆ ಬಿತ್ತು. ಮುಂದಿನ ವಾರ ಮಂತ್ರಿ. ಒಂದು ದಿನ ಅವರ ರಾಜನಿಗೆ ಹೋಗುವುದಕ್ಕೆ ಜಾಗ ಇಲ್ಲದ ಹಾಗಾಯಿತು. ನಾನು ಎದ್ದು ನಿಂತುಬಿಟ್ಟೆ.

“ಅಮ್ಮಾವ್ರೆ, ಈಗ ನಿಮ್ಮ ರಾಜರು ಎಲ್ಲಿಗೆ ದಯಮಾಡಿಸ್ತಾರೆ?”

“ಎಲ್ಲಿಗೂ ಇಲ್ಲಪ್ಪ. ಗೆದ್ದೆ ನೀನು” ಅಂದರು. ರಾಜನನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಮುಖದಲ್ಲಿ ಸೋತವರ ಕಳೆ ಇರಲಿಲ್ಲ. ನಾನು ಅದನ್ನು ದೊಡ್ಡತನ ಅಂದುಕೊಂಡೆ.

ಊರೆಲ್ಲ ಹೇಳಿಕೊಂಡು ಬಂದೆ. ಕ್ಷೌರದಂಗಡಿಯವನು, “ಏನಣ್ಣಾ, ಅಮ್ಮಾವ್ರನ್ನೇ ಸೋಲಿಸ್ಬುಟ್ಯಂತೆ?” ಅಂದ. “ಮೂರು ವರ್ಸ ಕಲ್ತಿವ್ನಿ ಕಣ್ಲಾ, ಸುಮ್ನೆ ಅಲ್ಲ” ಅಂದೆ. ಅಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದ ಕೋರ್ಟಿನ ಗುಮಾಸ್ತರೊಬ್ಬರು, “ಹಾಗಾದ್ರೆ ನಮ್ಮ ಜೊತೆಗೂ ಒಂದು ಆಟ ಬನ್ನಿ ಸ್ವಾಮಿ” ಅಂತ ಕರೆದರು. ಸಂಜೆ ಅವರ ಮನೆಗೆ ಹೋದೆ. ಮರದ ಕಾಯಿಗಳು. ಅವರ ಹೆಂಡತಿ ಒಳಗಿನಿಂದ ಕಾಫಿ ತರುವುದರೊಳಗೆ ನನ್ನ ಆಟ ಮುಗಿದಿತ್ತು. “ಇನ್ನೊಂದು?” ಅಂದರು. ಅದೂ ಹಾಗೆಯೇ. ಕಾಯಿಗಳ ಆಕಾರ ಬೇರೆ, ಅದಕ್ಕೆ ಗೊಂದಲವಾಯಿತು ಅಂತ ನನಗೆ ನಾನೇ ಹೇಳಿಕೊಳ್ಳುತ್ತಾ ಬಂದೆ. ಗಿರಾಕಿಯ ಕಣ್ಣು ಯಾವ ಸಾಮಾನಿನ ಮೇಲಿದೆ ಅಂತ ಬೆನ್ನು ನೋಡಿ ಹೇಳಬಲ್ಲ ಮನುಷ್ಯ ನಾನು. ಭಾನುವಾರ ರಾಯರ ಎದುರಿಗೆ, ಮಕ್ಕಳ ಎದುರಿಗೆ ಒಂದು ಕಾಲಾಳನ್ನೂ ಬಿಟ್ಟುಕೊಡದವರು ಮಧ್ಯಾಹ್ನ ನನ್ನೊಬ್ಬನಿಗೆ ಆನೆಗಳನ್ನು ಬಿಟ್ಟುಕೊಡುತ್ತಾರಲ್ಲ, ಇದೇನು ಅಂತ ಯೋಚಿಸುವುದಕ್ಕೆ ನನಗೆ ಪುರುಸೊತ್ತಾಗಲಿಲ್ಲ. ಆಗಲಿಲ್ಲ ಅಂದರೆ ಸುಳ್ಳು. ಮಾಡಿಕೊಳ್ಳಲಿಲ್ಲ.

ಅಮ್ಮಾವ್ರಿಗೂ ಒಳಗೆ ಅಳುಕಿತ್ತು. ರಾಯರ ಸೈಕಲ್ ಗೇಟಿಗೆ ತಾಗಿದ ಸದ್ದು ಕೇಳಿದರೆ ಕೆನ್ನೆಯಲ್ಲಿದ್ದದ್ದನ್ನು ಗಟಕ್ಕನೆ ನುಂಗಿ, ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬರುವರು. ಬೆರಳನ್ನು ಸೆರಗಿನ ಒಳಮಗ್ಗುಲಿಗೆ ಒರೆಸುವರು. ನಾನು ಅಷ್ಟು ಹೊತ್ತಿಗೆ ಮಣೆಯ ಮೇಲಿನ ಪುಡಿಯನ್ನು ಊದಿ ಬಿಟ್ಟಿರುತ್ತಿದ್ದೆ. ಒಬ್ಬರಿಗೊಬ್ಬರು ಒಂದು ಮಾತೂ ಆಡಿಕೊಂಡವರಲ್ಲ. ಕಳ್ಳರಿಗೆ ಮಾತು ಬೇಕಾಗುವುದಿಲ್ಲ.

ನಳಿಗೆ ಮತ್ತೆ ಹಸಿರಾಯಿತು. ರಾಯರು ಬಂದು ಕೇಳಿದರು, “ಮಧ್ಯಾಹ್ನದ ಆಟ ಹೇಗಿರತ್ತೆ?”

“ಎಂಗೋ ಸಮಾಸಮ ನಡೀತಾದೆ ಸಾರ್” ಅಂದೆ.

ಈಗ ಒಂದು ಮಾತು. ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಸೋಲುವುದನ್ನು. ಗಿರಾಕಿ ಗೆದ್ದೆ ಅಂದುಕೊಂಡು ಮೆಟ್ಟಿಲಿಳಿಯಬೇಕು, ನೀವು ಮುಖ ಸಪ್ಪೆ ಮಾಡಿಕೊಂಡು ನಿಂತಿರಬೇಕು. ದಿನಕ್ಕೆ ಎಷ್ಟೋ ಜನರ ಮುಂದೆ ನಾನು ಹಾಗೆ ಸೋತವನು. ಅಂದಮೇಲೆ ಮಧ್ಯಾಹ್ನ ಒಂದು ಹೊತ್ತು ಅಮ್ಮಾವ್ರ ಮುಂದೆ ಸೋತುಬಿಟ್ಟರೆ ಆಗಿಹೋಯಿತು. ಸಕ್ಕರೆ ನನ್ನ ಬಾಯಿಗೆ, ಅವರ ಕಾಲಿಗೆ ಕ್ಷೇಮ. ಒಂದು ದಿನ ಇದನ್ನೇ ಗಟ್ಟಿಮನಸ್ಸು ಮಾಡಿಕೊಂಡು ಕೂತೆ. ನನ್ನ ಮಂತ್ರಿಯನ್ನು ಅವರ ಕುದುರೆಯ ಬಾಯಿಗೆ ನೇರವಾಗಿ ಇಟ್ಟೆ. ಮಗುವಾದರೂ ಹೊಡೆಯುತ್ತಿತ್ತು.

ಅಮ್ಮಾವ್ರು ಮಂತ್ರಿಯನ್ನು ನೋಡಿದರು. ಆಮೇಲೆ ತಲೆಯೆತ್ತಿ ನನ್ನ ಮುಖವನ್ನು ನೋಡಿದರು. ಯಾರೋ ಬಚ್ಚಿಟ್ಟುಕೊಂಡದ್ದನ್ನು ಬೇರೆಯವರು ಕಂಡುಹಿಡಿದಾಗ ಒಂದು ನೋಟ ಇರುತ್ತದಲ್ಲ, ಅದು. ಅವರು ಮಂತ್ರಿಯನ್ನು ಹೊಡೆಯಲಿಲ್ಲ. ತಮ್ಮ ಆನೆಯನ್ನು ತಂದು ಮೆಲ್ಲಗೆ ನನ್ನ ಮಂತ್ರಿಯ ಮುಂದೆ ಇಟ್ಟರು.

“ಆಡಪ್ಪ” ಅಂದರು. “ಕೈ ಬೆವರತ್ತೆ.”

ಬೇರೆ ಕಾಯಿ ಆಡಬಹುದಿತ್ತು. ಮಣೆಯನ್ನು ಮಗುಚಬಹುದಿತ್ತು. ಎದ್ದು ಹೋಗಬಹುದಿತ್ತು. ನಾನು ಆನೆಯನ್ನು ಹೊಡೆದೆ.

ಅವರ ಬಲಗಾಲಿಗೆ ಚಪ್ಪಲಿ ಕಚ್ಚಿ ಒಂದು ಗಾಯವಾಗಿತ್ತು. ನಮ್ಮ ನಿಮ್ಮ ಕಾಲಿಗೆ ಆಗಿದ್ದರೆ ಅರಿಶಿನ ಮೆತ್ತಿಕೊಂಡು ಮರೆತುಬಿಡುವಂಥದು. ಅದು ಮಾಯಲಿಲ್ಲ, ಕಪ್ಪಾಯಿತು. ದೊಡ್ಡಾಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ನಾನು ಎಳನೀರು ತೆಗೆದುಕೊಂಡು ಹೋದಾಗ ರಾಯರು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

“ನಾನೇ ಸರಿಯಾಗಿ ನೋಡಲಿಲ್ವೇನೋ ಕಣಯ್ಯ” ಅಂದರು. “ದಿನಬೆಳಗಾದ್ರೆ ಕಾರ್ಖಾನೇಲಿ ಸಕ್ಕರೆ ಪರೀಕ್ಷೆ ಮಾಡೋ ಕೈ ಇದು. ಮನೇಲಿ ಮೊದಮೊದಲು ಹಸಿರನ್ನ ನೀಲಿ ಅಂದ್ಕೊಂಡು ಎಷ್ಟು ದಿನ ಸುಮ್ಮನಿದ್ನೋ. ಔಷಧಿ ಹಳೇದಾಗಿತ್ತೋ ಏನೋ. ಆಟದ ನಿಯಮ ಮಾತ್ರ ನಡೀತಿತ್ತು ತಾನೆ?”

“ನಡೀತಿತ್ತು ಸಾರ್” ಅಂದೆ.

ಅದು ಸುಳ್ಳಲ್ಲ. ಹೊಡೆಸಿಕೊಂಡವರೇ ತಿಂದಿದ್ದರು. ರಾಯರು ತಲೆಯಾಡಿಸಿ ತಮ್ಮ ಕೈಯನ್ನೇ ನೋಡಿಕೊಂಡು ಕೂತರು. ಆ ಕೈಯ ಮೇಲಿನ ಭಾರವನ್ನು ಒಂದು ಮಾತಿನಲ್ಲಿ ಇಳಿಸಬಹುದಿತ್ತು. ಎಳನೀರಿನ ಬಾಯಿ ಕೊಚ್ಚಿಸಿಕೊಂಡು ಬರುತ್ತೇನೆ ಅಂತ ಎದ್ದುಹೋದೆ.

ಮನೆಗೆ ಬಂದ ಮೇಲೆ ಅಮ್ಮಾವ್ರು ತಾವಾಗಿಯೇ ಅಚ್ಚುಗಳನ್ನು ಅಟ್ಟಕ್ಕೆ ಹಾಕಿಸಿದರು. ಯಾರೂ ಹೇಳಲಿಲ್ಲ. ಅಂಗಡಿಯಲ್ಲಿ ನಾನು ಆನೆ ಕುದುರೆ ಮಾರುವುದನ್ನು ನಿಲ್ಲಿಸಿ ಪ್ಲಾಸ್ಟಿಕ್ ಸಾಮಾನು ತರಿಸಿದೆ. ಮೈಸೂರಿಗೆ ಹೋಗಿ ಒಳ್ಳೆಯ ಮರದ ಚದುರಂಗವೊಂದನ್ನು ಕೊಂಡುಬಂದು ಅವರ ಮುಂದೆ ಇಟ್ಟೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ಬಳೆ ಸರಿಸಿಕೊಂಡು, ಆಡಿದರು.

ಅವರು ಹೇಗೆ ಆಡುತ್ತಾರೆ ಅನ್ನುವುದನ್ನೇ ನಾನು ಮರೆತಿದ್ದೆ. ನನ್ನ ಕಾಯಿಗಳು ಒಂದಾದ ಮೇಲೊಂದು ಮಣೆಯಿಂದ ಇಳಿದವು. ರಾಜರು ದಯಮಾಡಿಸುವುದಕ್ಕೆ ಜಾಗವಿಲ್ಲದಾಯಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ನನ್ನ ಮೂರು ವರ್ಷದ ಕಲಿಕೆ ಎಷ್ಟು ಅನ್ನುವುದು ಗೊತ್ತಾಗುವುದಕ್ಕೆ ಮೂರು ಮಧ್ಯಾಹ್ನ ಸಾಕಾಯಿತು. ಅವರು ಕೊಂಕು ಆಡಲಿಲ್ಲ. “ಕುದುರೇನ ಇಷ್ಟು ಬೇಗ ಹೊರಗೆ ಬಿಡಬೇಡ” ಅಂತ ಮೊದಲಿನ ಹಾಗೇ ಹೇಳಿಕೊಟ್ಟರು. ಮೊದಲಿನ ಹಾಗೇ ಅನ್ನುವುದೇ ನನಗೆ ತಡೆಯಲಾಗಲಿಲ್ಲ.

ಕಿರುಗಾವಲಿನಲ್ಲಿ ಸಾಮಾನು ಕೊಡುವುದಿದೆ ಅಂದೆ ಒಂದು ದಿನ. ಶಾಲೆ ಶುರುವಾಗುವ ಸಮಯ, ಗಿರಾಕಿ ಜಾಸ್ತಿ ಅಂದೆ ಇನ್ನೊಂದು ದಿನ. ಅಂಗಡಿಯ ಹಿಂಬಾಗಿಲು ಅವರ ಪಡಸಾಲೆಗೆ ತೆರೆಯುತ್ತಿತ್ತು. ಮಧ್ಯಾಹ್ನ ನಾನು ಒಳಗೆ ಹೋಗುತ್ತಿದ್ದದ್ದು ಅದರಲ್ಲೇ. ಹೊಸ ಪ್ಲಾಸ್ಟಿಕ್ ಸಾಮಾನಿಗೆ ಜಾಗ ಸಾಲುವುದಿಲ್ಲ ಅಂತ ಆ ಬಾಗಿಲಿಗೆ ಅಡ್ಡವಾಗಿ ಕಬ್ಬಿಣದ ರ‍್ಯಾಕು ನಿಲ್ಲಿಸಿದೆ. ಜಾಗ ಉಳಿಸುವ ದೃಷ್ಟಿಯಿಂದ ಅದು ಒಳ್ಳೆಯ ಉಪಾಯವೇ. ಯಾರಾದರೂ ಕೇಳಿದ್ದರೆ ನಾನೇ ಆ ಸಲಹೆ ಕೊಡುತ್ತಿದ್ದೆ.

ಗೋಡೆಯಾಚೆ ಅವರು ಇದ್ದದ್ದು ನನಗೆ ತಿಳಿಯುತ್ತಿತ್ತು. ಕೋಲೂರಿಕೊಂಡು ಓಡಾಡುವ ಸದ್ದು. ಮಧ್ಯಾಹ್ನ ಮರದ ಕಾಯಿ ಮಣೆಯ ಮೇಲೆ ಇಡುವ ಸದ್ದು. ಸ್ವಲ್ಪ ಹೊತ್ತು ಬಿಟ್ಟು, ಎದುರಿನ ಪಕ್ಷದ ಕಾಯಿಯನ್ನೂ ತಾವೇ ಇಡುವ ಸದ್ದು. ನಾನು ಬೇಕಂತಲೇ ರೇಡಿಯೋ ದೊಡ್ಡದು ಮಾಡಿಕೊಂಡು ಕೂರುತ್ತಿದ್ದೆ.

ರಾಯರಿಗೆ ನಿವೃತ್ತಿಯಾಗಿ ಅವರು ಮನೆ ಮಾರಿ ಮಳವಳ್ಳಿಗೆ ಹೊರಡುವುದು ಗೊತ್ತಾಗಿತ್ತು. ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಬಿಸಿಲಿಗೆ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ, ರೇಡಿಯೋ ಹಾಕಿರಲಿಲ್ಲ. ರ‍್ಯಾಕಿನ ಹಿಂದೆ ಬಾಗಿಲ ಹತ್ತಿರ ಕೋಲಿನ ಸದ್ದು ಬಂದು ನಿಂತಿತು.

“ಏನಯ್ಯಾ, ಇದೀಯಾ?”

ಉಸಿರು ಬಿಗಿಹಿಡಿದು ಕೂತೆ.

“ಇದೀಯ ಅಂತ ಗೊತ್ತು. ಕೆಮ್ಮಿದ್ದು ಕೇಳಿಸ್ತು.” ಪ್ಲಾಸ್ಟಿಕ್ ಚೆಂಡುಗಳ ಸಂದಿನಿಂದ ಅವರ ದನಿ ಬಂತು, ಬಾಡಿಗೆ ಮಾತಾಡಿದ ದಿನ ಒಳಗಿನಿಂದ ಬಂದಿತ್ತಲ್ಲ, ಅಷ್ಟು ಗಟ್ಟಿಯಾಗಿರಲಿಲ್ಲ.

“ಬಾ. ಇವತ್ತು ನೀನೇ ಗೆಲ್ಲು.”

ರ‍್ಯಾಕು ಸರಿಸುವುದಕ್ಕೆ ಆಗಲಿಲ್ಲ, ಸಾಮಾನು ತುಂಬಿತ್ತು. ಬೀದಿಗೆ ಇಳಿದು, ಸುತ್ತಿಕೊಂಡು, ಮುಂಬಾಗಿಲಿನಿಂದ ಹೋದೆ. ಅವರು ಕಾಯಿಗಳನ್ನು ಜೋಡಿಸಿಟ್ಟುಕೊಂಡು ಕೂತಿದ್ದರು, ಬಿಳಿ ನನ್ನ ಕಡೆಗೆ. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಆಟ ಶುರುವಾಯಿತು. ಸ್ವಲ್ಪ ಹೊತ್ತಿಗೆ ಒಂದು ಒಂಟೆ ನನ್ನ ದಾರಿಗೆ ಬಂತು, ಆಮೇಲೆ ಒಂದು ಆನೆ. ಒಣ ಮರದ ಕಾಯಿಗಳು, ಅವರಿಗೆ ಅದರಿಂದ ಬರುವಂಥದು ಏನೂ ಇರಲಿಲ್ಲ. ಕಡೆಗೆ ಮಂತ್ರಿಯನ್ನು ತಂದು ನನ್ನ ಕುದುರೆಯ ಮುಂದೆ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು, ನನ್ನ ಮುಖವನ್ನೇ ನೋಡುತ್ತಾ ಕೂತರು. ನಗುತ್ತಿದ್ದರು.

ಹೊಡೆಯಬೇಡ ಅಂತ ನನಗೆ ನಾನೇ ಹೇಳಿಕೊಂಡೆ. ಆವತ್ತೂ ನಾನೇ ಗೆದ್ದೆ.